ರಾಷ್ಟ್ರೀಯ ಕಿರಿಯರ ಫುಟ್‌ಬಾಲ್ ತಂಡಕ್ಕೆ ಆಟಗಾರರನ್ನು ಗುರುತಿಸುವುದು, ಬೆಳೆಸುವುದು ಹೇಗೆ

17 ವರ್ಷದೊಳಗಿನವರ ವಿಶ್ವಕಪ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ 2007ರಲ್ಲಿ ಜರ್ಮನಿಯ ಟೋನಿ ಕ್ರೂಸ್ ಅವರಿಗೆ, 2017ರಲ್ಲಿ ಇಂಗ್ಲೆಂಡಿನ ಫಿಲ್ ಫೋಡನ್ ಅವರಿಗೆ ಸಿಕ್ಕಿತು. ನಡುವೆ 2009ರಲ್ಲಿ ನೈಜೀರಿಯಾದ ಸಾನಿ ಇಮ್ಯಾನುಯೆಲ್, 2011ರಲ್ಲಿ ಮೆಕ್ಸಿಕೊದ ಹೂಲಿಯೊ ಗೊಮೆಜ್ ಕೂಡ ಅದೇ ಪ್ರಶಸ್ತಿ ಪಡೆದಿದ್ದರು. ಹಿರಿಯರ ಫುಟ್‌ಬಾಲ್‌ನಲ್ಲಿ ಈ ಇಬ್ಬರ ಹೆಸರು ಅಷ್ಟು ಎತ್ತರಕ್ಕೆ ಏರಲಿಲ್ಲ. ಇನ್ನೊಂದೆಡೆ, ಮೈಕಟ್ಟು ಸಣ್ಣದೆಂದು ಫ್ರಾನ್ಸಿನ ಅಕಾಡೆಮಿಗಳು ಬೇಡವೆಂದಿದ್ದ ಆಂಟೊಯಿನ್ ಗ್ರೀಜ್‌ಮನ್ ಸ್ಪೇನಿನ ರಿಯಲ್ ಸೊಸಿಯೆಡಾಡ್‌ನಲ್ಲಿ ಬೆಳೆದು, 2018ರಲ್ಲಿ ಫ್ರಾನ್ಸ್ ಪರವಾಗಿಯೇ ವಿಶ್ವಕಪ್ ಗೆದ್ದರು.

ಹದಿಹರೆಯದಲ್ಲಿ ಕಣ್ಣಿಗೆ ಬೀಳುವ ಆಟದಲ್ಲಿ ಎರಡು ಪಾಲು ಬೆರೆತಿರುತ್ತದೆ. ಒಂದು ಆ ಹೊತ್ತಿಗೆ ದೇಹ ಎಷ್ಟು ಬಲಿತಿದೆ ಎಂಬುದು, ಇನ್ನೊಂದು ನಿಜವಾದ ಆಟಗಾರಿಕೆ. ಮೊದಲನೆಯದು 18ರ ಹೊತ್ತಿಗೆ ಎಲ್ಲರಿಗೂ ಬರುತ್ತದೆ, ಆಗ ಅದರ ಲಾಭ ಕರಗುತ್ತದೆ. ಉಳಿಯುವುದು ಎರಡನೆಯದು. ಆದ್ದರಿಂದ ಆಯ್ಕೆಗಾರರು, ಕೋಚ್‌ಗಳು, ಪೋಷಕರು ಮಾಡಬೇಕಾದ ಮೊದಲ ಕೆಲಸ ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಕಲಿಯುವುದು.

ಹುಟ್ಟಿದ ತಿಂಗಳು, ಬಲಿತ ದೇಹ

ಫಿಫಾದ ವಯೋಮಿತಿ ಪಂದ್ಯಾವಳಿಗಳಲ್ಲಿ ಲೆಕ್ಕ ಜನವರಿ 1ರಿಂದ ಶುರು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. 13ನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರ ಸಣ್ಣದಲ್ಲ. ಅದಕ್ಕೇ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ತುಂಬಿರುತ್ತಾರೆ, ಕೊನೆಯ ಮೂರು ತಿಂಗಳವರು ಬೆರಳೆಣಿಕೆಯಷ್ಟು. ನಿಮ್ಮ ಪಟ್ಟಿಯನ್ನು ನಾಲ್ಕು ತ್ರೈಮಾಸಿಕಗಳಾಗಿ ವಿಂಗಡಿಸಿ ಎಣಿಸಿ ನೋಡಿ. ಮೊದಲ ತ್ರೈಮಾಸಿಕದವರೇ ಅರ್ಧಕ್ಕೆ ಹತ್ತಿರವಿದ್ದರೆ ಆಯ್ಕೆಯಲ್ಲಿ ವಯಸ್ಸು ಕೈಯಾಡಿಸಿದೆ ಎಂದೇ ಅರ್ಥ.

ಹುಟ್ಟಿದ ದಿನಾಂಕದ ಪಟ್ಟಿಯನ್ನು ಆಯ್ಕೆಗಾರರ ಕೈಗೆ ಕೊಟ್ಟರೆ ಇದು ಸರಿಹೋಗುವುದಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಯಸ್ಸಿನ ಮಾಹಿತಿ ಕೊಟ್ಟ ಮೇಲೂ ಪ್ರತಿಭೆ ಹುಡುಕುವ ಸ್ಕೌಟ್‌ಗಳು ದೊಡ್ಡವರ ಕಡೆಗೇ ವಾಲಿದರು. ಜರ್ಸಿ ಸಂಖ್ಯೆಯನ್ನೇ ವಯಸ್ಸಿನ ಕ್ರಮದಲ್ಲಿ ಕೊಟ್ಟಾಗ ಮಾತ್ರ ಆ ವಾಲಿಕೆ ಹೋಯಿತು. ಆಯ್ಕೆ ಪಂದ್ಯದಲ್ಲಿ ನೀವೂ ಹೀಗೆ ಮಾಡಬಹುದು: ಅತಿ ಹಿರಿಯನಿಗೆ 1, ಅತಿ ಕಿರಿಯನಿಗೆ ಕೊನೆಯ ಸಂಖ್ಯೆ. ಬೆನ್ನ ಮೇಲೆ 18 ಎಂದಿರುವವನು 2ರವನ ಎದುರು ಸೆಣಸುತ್ತಿದ್ದರೆ ನೋಡುವ ಕಣ್ಣು ತಾನಾಗಿಯೇ ಲೆಕ್ಕ ಹಾಕಿಕೊಳ್ಳುತ್ತದೆ.

ಆದರೆ ಹುಟ್ಟಿದ ತಿಂಗಳಿಗಿಂತ ದೊಡ್ಡ ವ್ಯತ್ಯಾಸ ತರುವುದು ದೇಹ ಬಲಿಯುವ ವೇಗ. ಒಂದೇ ವಾರ ಹುಟ್ಟಿದ ಇಬ್ಬರ ನಡುವೆ ಕೂಡ ಜೈವಿಕ ವಯಸ್ಸಿನಲ್ಲಿ ಎರಡು ಮೂರು ವರ್ಷ ಅಂತರವಿರಬಹುದು. ಇದನ್ನು ಅಳೆಯಲು ದುಬಾರಿ ಯಂತ್ರ ಬೇಡ. ಗೋಡೆಗೆ ಹಚ್ಚಿದ ಅಳತೆಪಟ್ಟಿ, ತೂಕದ ಯಂತ್ರ, ಎತ್ತರ ಗೊತ್ತಿರುವ ಒಂದು ಪೆಟ್ಟಿಗೆ ಸಾಕು.

ಅಳೆಯುವ ಕ್ರಮ ಹೀಗೆ. ಬೆಳಗ್ಗೆಯೇ ಅಳೆಯಿರಿ, ಪ್ರತಿ ಸಲ ಅದೇ ಹೊತ್ತಿಗೆ. ಸಂಜೆಯ ಹೊತ್ತಿಗೆ ಬೆನ್ನುಮೂಳೆ ಕುಗ್ಗಿ ಸುಮಾರು ಒಂದು ಸೆಂ.ಮೀ. ಕಡಿಮೆ ಬರುತ್ತದೆ. ಬರಿಗಾಲು, ಹಿಮ್ಮಡಿ ಗೋಡೆಗೆ, ನೋಟ ನೇರ. ಎರಡು ಸಲ ಅಳೆದು ಸರಾಸರಿ ತೆಗೆಯಿರಿ. ಎರಡರ ನಡುವೆ 0.4 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೇ ಸಲ ಅಳೆದು ನಡುವಿನ ಸಂಖ್ಯೆ ಹಿಡಿಯಿರಿ. ಆಮೇಲೆ ಪೆಟ್ಟಿಗೆಯ ಮೇಲೆ ಕೂರಿಸಿ ಕುಳಿತ ಎತ್ತರ ಅಳೆದು, ಪೆಟ್ಟಿಗೆಯ ಎತ್ತರ ಕಳೆಯಿರಿ. ನಿಂತ ಎತ್ತರದಿಂದ ಇದನ್ನು ಕಳೆದರೆ ಕಾಲಿನ ಉದ್ದ ಸಿಗುತ್ತದೆ. ಬೆಳವಣಿಗೆಯ ಜಿಗಿತದಲ್ಲಿ, ಅಂದರೆ ಹದಿಹರೆಯದಲ್ಲಿ ಎತ್ತರ ಸರಸರನೆ ಏರುವ ಅವಧಿಯಲ್ಲಿ, ಮೊದಲು ಉದ್ದವಾಗುವುದು ಕಾಲು, ಮುಂಡ ಆಮೇಲೆ. ಕಾಲಿನ ಸಂಖ್ಯೆ ಮಾತ್ರ ಏರತೊಡಗಿದರೆ ಜಿಗಿತ ಬಾಗಿಲಿಗೆ ಬಂದಿದೆ ಎಂದು ತಿಳಿಯಿರಿ.

ಮೂರು ತಿಂಗಳಿಗೊಮ್ಮೆ ಅಳೆದು, ವರ್ಷದ ವೇಗಕ್ಕೆ ಪರಿವರ್ತಿಸಿ. 92 ದಿನಗಳಲ್ಲಿ 1.9 ಸೆಂ.ಮೀ. ಬೆಳೆದಿದ್ದರೆ 1.9 ಅನ್ನು 92ರಿಂದ ಭಾಗಿಸಿ 365ರಿಂದ ಗುಣಿಸಿ: ವರ್ಷಕ್ಕೆ 7.5 ಸೆಂ.ಮೀ. ಏಳು ದಾಟಿದರೆ ಜಿಗಿತದೊಳಗಿದ್ದಾನೆ ಎಂದುಕೊಂಡು ತಾಲೀಮನ್ನು ಬದಲಿಸಿ. ಪ್ರತಿ ತಿಂಗಳು ಅಳೆದು ಹೀಗೆ ಲೆಕ್ಕ ಹಾಕುವವರು ಎಡವುವುದು ಸಾಮಾನ್ಯ. ಅಳತೆಯಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ ವರ್ಷದ ಲೆಕ್ಕದಲ್ಲಿ ಅದು ಆರು ಸೆಂ.ಮೀ. ಆಗಿಬಿಡುತ್ತದೆ. ಹುಡುಗರಲ್ಲಿ ಈ ಜಿಗಿತದ ತುದಿ ಸುಮಾರು 14ಕ್ಕೆ, ಹುಡುಗಿಯರಲ್ಲಿ ಸುಮಾರು 12ಕ್ಕೆ ಬರುತ್ತದೆ. ಒಂದು ವರ್ಷ ಹಿಂದೆ ಮುಂದೆ ಆಗುವುದು ಮಾಮೂಲು.

ಇನ್ನೊಂದು ಲೆಕ್ಕವೂ ಬೇಕು: ಮುಂದೆ ತಲುಪಬಹುದಾದ ಎತ್ತರದ ಶೇಕಡಾ ಎಷ್ಟನ್ನು ಈಗಲೇ ತಲುಪಿದ್ದಾನೆ ಎಂಬುದು. ಒರಟು ಅಂದಾಜಿಗೆ ಅಪ್ಪ ಅಮ್ಮನ ಎತ್ತರ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಿ. ಇದು ಏಳೆಂಟು ಸೆಂ.ಮೀ. ಆಚೀಚೆ ಆಗಬಹುದು. ಆಟಗಾರನ ಈಗಿನ ಎತ್ತರ, ತೂಕ, ವಯಸ್ಸನ್ನೂ ಸೇರಿಸಿಕೊಳ್ಳುವ ಖಾಮಿಸ್–ರೋಷ್ ವಿಧಾನ ಇದಕ್ಕಿಂತ ಮೇಲು. 14 ವರ್ಷದ ಇಬ್ಬರನ್ನು ನೋಡಿ. ಒಬ್ಬ 170 ಸೆಂ.ಮೀ. ಇದ್ದಾನೆ, ಅಂದಾಜು ಕೊನೆಯ ಎತ್ತರ 174. ಅಂದರೆ ಶೇ 98 ಮುಗಿದಿದೆ. ಇನ್ನೊಬ್ಬ 156, ಅಂದಾಜು 178. ಶೇ 88ರ ಆಸುಪಾಸು. ಮೈದಾನದಲ್ಲಿ ಮೊದಲನೆಯವನು ಎರಡನೆಯವನನ್ನು ಭುಜದಿಂದ ತಳ್ಳಿ ಚೆಂಡು ಕಸಿಯುತ್ತಾನೆ, ನಿಜ. ಆದರೆ ನಾಲ್ಕು ವರ್ಷದ ನಂತರ ಎತ್ತರದಲ್ಲಿ ಮುಂದಿರುವವನು ಎರಡನೆಯವನು.

ಈ ಶೇಕಡಾವಾರಿನ ಮೇಲೆ ಗುಂಪು ಮಾಡಿ ಆಡಿಸುವುದಕ್ಕೆ ಬಯೋ-ಬ್ಯಾಂಡಿಂಗ್ ಎನ್ನುತ್ತಾರೆ. ಶೇ 85ರಿಂದ 90ರವರು ಒಂದು ಗುಂಪು, 90ರಿಂದ 95ರವರು ಇನ್ನೊಂದು. ತಿಂಗಳಿಗೆ ಒಂದೆರಡು ಪಂದ್ಯ ಹೀಗೆ ಆಡಿಸಿದರೂ ಸಾಕಷ್ಟು ತಿಳಿಯುತ್ತದೆ. ಬೇಗ ಬಲಿತವನು ತನ್ನಷ್ಟೇ ಗಟ್ಟಿಗರ ಎದುರು ಬರೀ ಓಟ, ಬಲ ನಂಬಿ ಆಡಲಾಗದು, ತಲೆ ಓಡಿಸಬೇಕಾಗುತ್ತದೆ. ತಡವಾಗಿ ಬಲಿಯುವವನು ಚೆಂಡು ಹಿಡಿದು ಆಟ ನಡೆಸುವ ಅವಕಾಶ ಪಡೆಯುತ್ತಾನೆ. ಮಾಮೂಲಿ ವಯೋಮಾನದ ಪಂದ್ಯ ನಿಲ್ಲಿಸಿ ಇದನ್ನೇ ನೆಚ್ಚಿಕೊಳ್ಳಬೇಡಿ. ತನಗಿಂತ ದೊಡ್ಡವರ ನಡುವೆ ಉಳಿದುಕೊಳ್ಳಲು ಸಣ್ಣವನು ಕಲಿಯುವ ಉಪಾಯಗಳೂ ಬೆಲೆಯುಳ್ಳವೇ.

ಪಂದ್ಯದಲ್ಲಿ ಏನನ್ನು ನೋಡಬೇಕು

30 ಮೀಟರ್ ಓಟ, ಜಿಗಿತ, ಬೀಪ್ ಟೆಸ್ಟ್ (ಬೀಪ್ ಸದ್ದಿನ ಗತಿಗೆ ತಕ್ಕಂತೆ ಹಿಂದೆ ಮುಂದೆ ಓಡುವ ಪರೀಕ್ಷೆ) ಇವುಗಳ ಅಂಕಿ 15 ವರ್ಷದವರೆಗೆ ಹೆಚ್ಚಾಗಿ ಹೇಳುವುದು ದೇಹದ ಬಲಿತನವನ್ನೇ. ಬರೆದಿಡಿ, ಆದರೆ ಅದರ ಮೇಲೆ ಯಾರನ್ನೂ ಕೈಬಿಡಬೇಡಿ.

ಒಬ್ಬ ಆಟಗಾರನನ್ನು ಕನಿಷ್ಠ ಮೂರು ಪಂದ್ಯಗಳಲ್ಲಿ ನೋಡಿ. ಒಂದು ತಮ್ಮ ತಂಡಕ್ಕಿಂತ ಬಲವಾದವರ ಎದುರು ಇರಲೇಬೇಕು. ಪ್ರತಿ ಪಂದ್ಯದಲ್ಲೂ 15 ನಿಮಿಷ ಚೆಂಡಿನ ಕಡೆ ನೋಡದೆ ಅವನೊಬ್ಬನನ್ನೇ ಹಿಂಬಾಲಿಸಿ. ಚೆಂಡಿನ ಹಿಂದೆ ಕಣ್ಣು ಓಡಿದರೆ ಒಳ್ಳೆಯ ಆಟಗಾರನ ಅರ್ಧ ಕೆಲಸ ಕಾಣುವುದೇ ಇಲ್ಲ.

ಮೊದಲು ಎಣಿಸಬೇಕಾದ್ದು ಚೆಂಡು ಬರುವ ಮುನ್ನ ತಲೆ ಎಷ್ಟು ಸಲ ತಿರುಗಿತು ಎಂಬುದನ್ನು. ಪಾಸ್ ಸಿಗುವ ಹಿಂದಿನ ಹತ್ತು ಸೆಕೆಂಡು ತೆಗೆದುಕೊಳ್ಳಿ. ಮುಖ ಚೆಂಡಿನಿಂದ ಆಚೆ ತಿರುಗಿ ಮತ್ತೆ ಬಂದರೆ ಒಂದು. ಹತ್ತು ಪಾಸ್‌ಗಳ ಸರಾಸರಿ ತೆಗೆಯಿರಿ. ಮಿಡ್‌ಫೀಲ್ಡರ್ ನಾಲ್ಕೈದು ಸಲ ನೋಡುತ್ತಿದ್ದರೆ ಚೆನ್ನ. ಒಂದೆರಡು ಸಲ ಮಾತ್ರ ನೋಡುವವನು ಪಂದ್ಯದ ವೇಗ ಏರಿದಂತೆ ಮುಳುಗುತ್ತಾನೆ. ಸ್ಟ್ರೈಕರ್‌ಗಳಲ್ಲಿ, ವಿಂಗ್‌ನಲ್ಲಿ ಗೆರೆಗೆ ಅಂಟಿ ಆಡುವವರಲ್ಲಿ ಈ ಸಂಖ್ಯೆ ಸಹಜವಾಗಿ ಕಡಿಮೆ. ಆದ್ದರಿಂದ ಹೋಲಿಕೆ ಅದೇ ಸ್ಥಾನದವರ ನಡುವೆಯೇ ಇರಲಿ. ತಲೆ ತಿರುಗಿಸಿದ ಮಾತ್ರಕ್ಕೂ ಸಾಲದು. ನೋಡಿದ್ದರ ಫಲ ಮೊದಲ ಸ್ಪರ್ಶದಲ್ಲಿ ಕಾಣಬೇಕು: ಎದುರಾಳಿ ಬಲದಿಂದ ಬರುತ್ತಿದ್ದರೆ ಚೆಂಡು ಎಡಕ್ಕೆ ಹೋಗಬೇಕು.

ಆಮೇಲೆ ಚೆಂಡು ಕಳೆದುಕೊಂಡ ನಂತರದ ಐದು ಸೆಕೆಂಡು. ಕೈ ಚೆಲ್ಲಿ ನಿಂತನೋ, ರೆಫ್ರಿ ಕಡೆ ತಿರುಗಿದನೋ, ಹಿಂದೆ ಓಡಿದನೋ? ಮುಂದಿನ ಪಾಸ್ ಮತ್ತೆ ಕೇಳಿದನೋ, ಅಡಗಿದನೋ? ಬಲಹೀನ ಕಾಲನ್ನು ಒತ್ತಡದಲ್ಲಿ ಬಳಸಿದನೋ? ಇವನ್ನು ಬರೆದಿಟ್ಟ ಮೇಲೆಯೇ ಹುಟ್ಟಿದ ದಿನಾಂಕ, ಬೆಳವಣಿಗೆಯ ಹಾಳೆ ತೆರೆಯಿರಿ. ಟಿಪ್ಪಣಿಯಲ್ಲಿ ಎರಡು ಕಾಲಂ ಇರಲಿ, ಒಂದರಲ್ಲಿ ಈಗಿನ ಮಟ್ಟ, ಇನ್ನೊಂದರಲ್ಲಿ ಮೂರು ವರ್ಷದ ನಂತರದ ಅಂದಾಜು. ಎರಡೂ ಕಾಲಂನಲ್ಲಿ ಯಾವಾಗಲೂ ಒಂದೇ ಅಂಕ ಬೀಳುತ್ತಿದ್ದರೆ ಎರಡನೆಯದನ್ನು ಯೋಚಿಸದೆ ತುಂಬಲಾಗಿದೆ.

ಗೋಲ್‌ಕೀಪರ್‌ಗಳ ವಿಷಯದಲ್ಲಿ ಅವಸರ ಸಲ್ಲ. ಆ ಸ್ಥಾನದಲ್ಲಿ ಆಟಗಾರರು ಪಕ್ವವಾಗುವುದು ತಡ. 13ರಲ್ಲಿ ಎತ್ತರವಿಲ್ಲವೆಂದು ಬಿಡುವುದು, ಎತ್ತರವಿದೆ ಎಂಬುದಕ್ಕೇ ಹಿಡಿಯುವುದು, ಎರಡೂ ತಪ್ಪು.

ಚೆಂಡು ಬರುವ ಮುನ್ನ ನೋಡುವುದನ್ನು ಕಲಿಸುವ ಅಭ್ಯಾಸ

12 ಮೀಟರ್ ಚದರದ ಜಾಗ ಗುರುತಿಸಿ. ನಾಲ್ಕು ಬದಿಗೂ ಒಬ್ಬೊಬ್ಬರು, ಅವರಲ್ಲಿ ಎದುರುಬದುರಿನ ಇಬ್ಬರ ಬಳಿ ಚೆಂಡು. ನಡುವೆ ಒಬ್ಬ ಆಟಗಾರ. ಅವನ ಹಿಂದೆ ಆರು ಮೀಟರ್ ದೂರದಲ್ಲಿ ಒಬ್ಬ ಡಿಫೆಂಡರ್. ಪಾಸ್ ಹೊರಡುವ ಕ್ಷಣದಲ್ಲಿ ಡಿಫೆಂಡರ್ ಎಡದಿಂದ ಬರಬಹುದು, ಬಲದಿಂದ ಬರಬಹುದು, ಬರದೆಯೂ ಇರಬಹುದು, ನಿರ್ಧಾರ ಅವನದೇ. ಬಂದರೆ ನಡುವಿನವನು ಚೆಂಡನ್ನು ಒಂದೇ ಸ್ಪರ್ಶದಲ್ಲಿ ಹಿಂದಿರುಗಿಸಬೇಕು ಅಥವಾ ಖಾಲಿ ಬದಿಗೆ ತಿರುಗಬೇಕು. ಬರದಿದ್ದರೆ ತಿರುಗಿ ಎದುರಿನವನಿಗೆ ಪಾಸ್. ಆರು ಚೆಂಡಿಗೊಮ್ಮೆ ಆಟಗಾರ ಬದಲು, ಒಬ್ಬೊಬ್ಬರಿಗೆ ಮೂರು ಸುತ್ತು.

ಇಲ್ಲಿ ಕೆಡುವುದು ಎರಡು ಕಡೆ. ಪಾಸ್ ಮೆತ್ತಗೆ ಬಂದರೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಗುತ್ತದೆ, ತಿರುಗಿ ನೋಡುವ ಅಗತ್ಯವೇ ಬೀಳುವುದಿಲ್ಲ. ಪಂದ್ಯದ ಬಿರುಸಿನಲ್ಲೇ ಹೊಡೆಯಲಿ. ಎರಡನೆಯದು, ಆಟಗಾರ ಚೆಂಡು ದಾರಿಯಲ್ಲಿರುವಾಗ ಮಾತ್ರ ಒಮ್ಮೆ ಹಿಂದೆ ನೋಡಿ ಮುಗಿಸುತ್ತಾನೆ. ಪಾಸ್ ಕೊಡುವವನು ಚೆಂಡು ಮುಟ್ಟುವ ಮುನ್ನ ಒಂದು ನೋಟ, ಚೆಂಡು ಹೊರಟ ಮೇಲೆ ಇನ್ನೊಂದು ಎಂದು ಪಟ್ಟು ಹಿಡಿಯಿರಿ. ಕೋಚ್ ಹಿಂದೆ ನಿಂತು ಬಣ್ಣದ ಕೋನ್ ಎತ್ತಿ ಹಿಡಿದು ಹೆಸರು ಕೂಗಿಸುವ ಅಭ್ಯಾಸ ಹಲವೆಡೆ ಉಂಟು. ಅದರಿಂದ ಕತ್ತು ತಿರುಗುವುದು ರೂಢಿಯಾಗುತ್ತದೆ, ಎದುರಾಳಿಯ ಚಲನೆ ಓದುವುದು ಬರುವುದಿಲ್ಲ. ನಿಜವಾದ ಡಿಫೆಂಡರ್ ಇದ್ದರೇ ಒಳ್ಳೆಯದು.

ಮೈದಾನದ ಅಳತೆಯನ್ನೂ ಲೆಕ್ಕ ಹಾಕಿ ಇಡಬೇಕು. 105×68 ಮೀಟರ್ ಮೈದಾನದಲ್ಲಿ 22 ಮಂದಿ ಆಡುವಾಗ ತಲೆಗೆ ಸುಮಾರು 325 ಚದರ ಮೀಟರ್ ಬರುತ್ತದೆ. 35×25ರಲ್ಲಿ ನಾಲ್ಕು-ನಾಲ್ಕು ಆಡಿಸಿದರೆ ಸುಮಾರು 110. ಈ ಸಣ್ಣ ಆಟದಲ್ಲಿ ಸ್ಪರ್ಶ ಹೆಚ್ಚು, ನಿರ್ಧಾರ ಹೆಚ್ಚು, ಗಕ್ಕನೆ ನಿಂತು ತಿರುಗುವುದೂ ಹೆಚ್ಚು. ನಾಲ್ಕು ನಿಮಿಷದ ನಾಲ್ಕು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ, ಒಳ್ಳೆಯ ತಾಲೀಮು. ಆದರೆ ಇದರಲ್ಲಿ ಯಾರೂ ತಮ್ಮ ಪೂರ್ಣ ವೇಗ ಮುಟ್ಟುವುದೇ ಇಲ್ಲ. ವಾರವೆಲ್ಲ ಇದನ್ನೇ ಆಡಿ ಭಾನುವಾರ 40 ಮೀಟರ್ ಓಡಬೇಕಾದಾಗ ತೊಡೆಯ ಹಿಂಭಾಗದ ಸ್ನಾಯು ಹಿಡಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ, ಮೈ ಬಿಸಿಯಾದ ಕೂಡಲೇ, ದಣಿಯುವ ಮುನ್ನ, 30 ಮೀಟರ್‌ನ ನಾಲ್ಕರಿಂದ ಆರು ಪೂರ್ಣ ವೇಗದ ಓಟ ಇರಲಿ. ಒಂದೊಂದರ ನಡುವೆ ಎರಡು ಮೂರು ನಿಮಿಷ ಪೂರ್ತಿ ವಿಶ್ರಾಂತಿ. ವಿಶ್ರಾಂತಿ ಕಡಿತಗೊಳಿಸಿದರೆ ಅದು ವೇಗದ ಅಭ್ಯಾಸವಾಗದೆ ದಮ್ಮಿನ ಅಭ್ಯಾಸವಾಗುತ್ತದೆ.

ಬೆಳವಣಿಗೆಯ ಜಿಗಿತದ ತಿಂಗಳುಗಳು

ನಿನ್ನೆವರೆಗೆ ಚೆಂಡು ಕಾಲಿಗೆ ಅಂಟಿಕೊಂಡಂತೆ ಆಡುತ್ತಿದ್ದವನು ಇದ್ದಕ್ಕಿದ್ದಂತೆ ಎಡವುತ್ತಾನೆ, ಪಾಸ್ ತಪ್ಪುತ್ತದೆ, ತಿರುಗಲು ಹೊತ್ತು ಹಿಡಿಯುತ್ತದೆ. ಮೂಳೆ ಉದ್ದವಾದಷ್ಟು ಬೇಗ ಸ್ನಾಯು, ಸಮತೋಲನ ಹೊಂದಿಕೊಂಡಿರುವುದಿಲ್ಲ. ಅವನನ್ನು ತಂಡದಿಂದ ಕೈಬಿಡುವ ತೀರ್ಮಾನ ಹೆಚ್ಚಾಗಿ ಆಗುವುದು ಇದೇ ಹೊತ್ತಿನಲ್ಲಿ. ಬೆಳವಣಿಗೆಯ ಹಾಳೆ ನೋಡದೆ ಅಂಥ ತೀರ್ಮಾನ ಮಾಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಆರರಿಂದ ಹನ್ನೆರಡು ತಿಂಗಳು ಕಾಯಿರಿ.

ಈ ಅವಧಿಯಲ್ಲಿ ಜಿಗಿತ, ಗಕ್ಕನೆ ನಿಲ್ಲುವ ಓಟ, ದೂರದ ಶಾಟ್‌ಗಳ ಸಂಖ್ಯೆಯನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ. ಸ್ಪ್ರಿಂಟ್ ಪೂರ್ತಿ ನಿಲ್ಲಿಸಬೇಡಿ, ಮೂರು ನಾಲ್ಕಕ್ಕೆ ಇಳಿಸಿ. ಉಳಿದ ಹೊತ್ತನ್ನು ಒಂಟಿ ಕಾಲಿನ ಸಮತೋಲನ, ಸರಿಯಾಗಿ ನೆಲಕ್ಕಿಳಿಯುವುದು, ಹಗುರ ಬಲದ ವ್ಯಾಯಾಮಕ್ಕೆ ಕೊಡಿ.

ನೋವು ಕಾಣಿಸುವ ಜಾಗಕ್ಕೂ ಒಂದು ಕ್ರಮವಿದೆ, ವಯಸ್ಸಿನೊಂದಿಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮೊದಲು ಹಿಮ್ಮಡಿ, ಅದನ್ನು ಸೀವರ್ ಎನ್ನುತ್ತಾರೆ. ಆಮೇಲೆ ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬು, ಆಸ್‌ಗುಡ್–ಶ್ಲಾಟರ್. 14ರಿಂದ 17ರ ನಡುವೆ ಸೊಂಟದ ಮುಂಭಾಗ, ಕೆಳ ಬೆನ್ನು. ಹಿಮ್ಮಡಿ, ಮೊಣಕಾಲಿನ ನೋವಿಗೆ ಸಾಮಾನ್ಯವಾಗಿ ಹೊರೆ ಇಳಿಸಿದರೆ ಸಾಕು. ಆಡುವಾಗ ನೋವು ಹತ್ತರಲ್ಲಿ ಮೂರು ದಾಟಬಾರದು, ಮರುದಿನ ಬೆಳಗ್ಗೆ ಹೆಚ್ಚಿರಬಾರದು. ಸೊಂಟದ್ದು ಬೇರೆ. 15ರ ಹುಡುಗ ಶಾಟ್ ಹೊಡೆದ ಕ್ಷಣ ಸೊಂಟದಲ್ಲಿ 'ಟಪ್' ಎಂದು ಕುಂಟತೊಡಗಿದರೆ ಸ್ನಾಯು ಎಳೆದಿದೆ ಎಂದು ತಿಕ್ಕಿ ಕಳಿಸಬೇಡಿ. ಸ್ನಾಯು ಅಂಟಿರುವ ಕಡೆ ಎಳೆಯ ಮೂಳೆಯ ಚೂರೇ ಕಿತ್ತು ಬಂದಿರಬಹುದು, ಎಕ್ಸ್‌ರೇ ಬೇಕು. ಬೆನ್ನು ಹಿಂದಕ್ಕೆ ಬಾಗಿಸಿದಾಗ ಹೆಚ್ಚುವ ನೋವು ಎರಡು ಮೂರು ವಾರ ಬಿಡದಿದ್ದರೂ ವೈದ್ಯರಲ್ಲಿಗೆ ಹೋಗಲೇಬೇಕು.

ಹುಡುಗಿಯರಲ್ಲಿ ಈ ಜಿಗಿತದ ನಂತರ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ಫಿಫಾ 11+ ಎಂಬ ವಾರ್ಮಪ್ ಕ್ರಮ ಇದಕ್ಕೆ ಉತ್ತಮ. ಸುಮಾರು 20 ನಿಮಿಷದ್ದು, ಮೂರು ಭಾಗ: ಎಂಟು ನಿಮಿಷ ನಿಧಾನ ಓಟ, ಹತ್ತು ನಿಮಿಷ ಬಲ, ಜಿಗಿತ ಮತ್ತು ಸಮತೋಲನ, ಎರಡು ನಿಮಿಷ ವೇಗದ ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ಮಾಡಿದವರಿಗೆ ಗಾಯ ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ವಾರಕ್ಕೆ ಎರಡು ಸಲವಾದರೂ ಮಾಡದಿದ್ದರೆ, ಮಂಡಿ ಒಳಕ್ಕೆ ವಾಲುವುದನ್ನು ಪ್ರತಿ ಜಿಗಿತದಲ್ಲೂ ತಿದ್ದದಿದ್ದರೆ ಪ್ರಯೋಜನ ಕಡಿಮೆ. ಮುಟ್ಟು ಮೂರು ತಿಂಗಳು ನಿಂತರೆ ತಾಲೀಮಿಗೆ ತಕ್ಕಷ್ಟು ಊಟ ಸಾಲುತ್ತಿಲ್ಲದಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಈ ಮಾತನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಲು ತಂಡದಲ್ಲಿ ಒಬ್ಬ ಮಹಿಳೆಯಾದರೂ ಇರಬೇಕು.

ಹೊರೆಯ ಲೆಕ್ಕ ಒಬ್ಬರ ಕೈಯಲ್ಲಿರಲಿ

ಚೆನ್ನಾಗಿ ಆಡುವ ಹುಡುಗ ಕ್ಲಬ್, ಶಾಲೆ, ಪ್ರಾಂತ್ಯದ ತಂಡ, ರಾಷ್ಟ್ರೀಯ ಶಿಬಿರ ಎಲ್ಲಕ್ಕೂ ಬೇಕು. ಒಟ್ಟು ಎಷ್ಟಾಯಿತೆಂದು ಕೂಡಿಸುವವರು ಮಾತ್ರ ಯಾರೂ ಇರುವುದಿಲ್ಲ. ಆ ಕೆಲಸ ಪೋಷಕರೇ ಮಾಡುವುದು ಮೇಲು. ತಾಲೀಮು ಮುಗಿದ ಅರ್ಧ ಗಂಟೆಯ ನಂತರ ಎಷ್ಟು ಕಷ್ಟವಾಯಿತೆಂದು ಹತ್ತಕ್ಕೆ ಅಂಕ ಕೇಳಿ, ನಿಮಿಷದಿಂದ ಗುಣಿಸಿ ಬರೆದಿಡಿ. 90 ನಿಮಿಷ, ಕಷ್ಟ 5 ಎಂದರೆ 450. ಇಂಥ ಮೂರು ತಾಲೀಮು 1350. 80 ನಿಮಿಷದ ಪಂದ್ಯ, ಕಷ್ಟ 8, 640. ಶಾಲೆಯ 60 ನಿಮಿಷದ ಪಂದ್ಯ, ಕಷ್ಟ 7, 420. ವಾರಕ್ಕೆ 2410. ಮುಂದಿನ ವಾರ ಶಿಬಿರದಲ್ಲಿ 75 ನಿಮಿಷದ ಒಂಬತ್ತು ತಾಲೀಮು, ಕಷ್ಟ 6 ಆದರೆ 4050. ಒಂದೇ ವಾರದಲ್ಲಿ ಮೂರನೇ ಎರಡರಷ್ಟು ಏರಿಕೆ! ಗಾಯ ಆಗುವುದು ಹೆಚ್ಚಾಗಿ ಶಿಬಿರದ ಕೊನೆಯ ದಿನಗಳಲ್ಲಿ, ಇಲ್ಲವೇ ವಾಪಸಾದ ಮೊದಲ ಪಂದ್ಯದಲ್ಲಿ.

ಶಿಬಿರದ ದಿನಾಂಕ ಗೊತ್ತಾದ ಕೂಡಲೇ ಹಿಂದಿನ ಮೂರು ವಾರ ಹಂತಹಂತವಾಗಿ ಏರಿಸಿ, ಹೊರಡುವ ಮುನ್ನ ಎರಡು ದಿನ ಹಗುರ ಮಾಡಿ. ಬಂದ ಮೇಲೆ 48 ಗಂಟೆ ಪೂರ್ತಿ ಬಿಡುವು. ಆ ವಾರಾಂತ್ಯದ ಕ್ಲಬ್ ಪಂದ್ಯದಲ್ಲಿ ಮೊದಲಿನಿಂದ ಆಡಿಸಬೇಡಿ ಎಂದು ಕೋಚ್‌ಗೆ ಮೊದಲೇ ಬರೆದು ತಿಳಿಸಿ. ಸಂಘಟಿತ ಆಟದ ಗಂಟೆಗಳು ವಾರಕ್ಕೆ ವಯಸ್ಸಿನ ವರ್ಷಗಳನ್ನು ಮೀರಬಾರದು. 13ರವನಿಗೆ 13 ಗಂಟೆ ಗರಿಷ್ಠ. ವಾರಕ್ಕೊಂದು ದಿನ ಚೆಂಡು ಮುಟ್ಟದಿರುವ ರಜೆ, 13ರಿಂದ 18ರವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ.

ಆಯ್ಕೆ, ಬಿಡುಗಡೆ, ಮರುನೋಟ

ಆಯ್ಕೆಯಾದಷ್ಟೇ ಹೆಸರುಗಳ ಇನ್ನೊಂದು ಪಟ್ಟಿಯನ್ನು ರಾಷ್ಟ್ರೀಯ ಸಂಸ್ಥೆ ಇಟ್ಟುಕೊಳ್ಳಬೇಕು. ತಡವಾಗಿ ಬಲಿಯುವವರು, ಕೊನೆಯ ತ್ರೈಮಾಸಿಕದವರು, ಗಾಯದಿಂದ ಹೊರಗುಳಿದವರು ಅದರಲ್ಲಿರಲಿ. ಬೆಲ್ಜಿಯಂ ಒಂದು ಹೆಜ್ಜೆ ಮುಂದೆ ಹೋಗಿ ತಡವಾಗಿ ಬಲಿಯುವವರಿಗೇ ಪ್ರತ್ಯೇಕ ರಾಷ್ಟ್ರೀಯ ಕಿರಿಯರ ತಂಡಗಳನ್ನು ಕಟ್ಟಿ ಪಂದ್ಯಗಳನ್ನು ಆಡಿಸಿದೆ. ಅಷ್ಟು ಸಾಧ್ಯವಾಗದ ಕಡೆ ವರ್ಷಕ್ಕೊಂದು ಶಿಬಿರವನ್ನಾದರೂ ಅವರಿಗೆ ಮೀಸಲಿಡಬಹುದು.

ಕೈಬಿಟ್ಟವನಿಗೆ ಕಾರಣವನ್ನು ಬರೆದು ಕೊಡಿ. 'ಇನ್ನೂ ಸುಧಾರಿಸಬೇಕು' ಎಂದರೆ ಅವನಿಗೆ ಏನೂ ತಿಳಿಯುವುದಿಲ್ಲ. 'ಬೆನ್ನ ಹಿಂದೆ ಎದುರಾಳಿ ಇದ್ದಾಗ ಎಡಗಾಲಿನಲ್ಲಿ ಚೆಂಡು ಹಿಡಿಯುವುದು ತಪ್ಪುತ್ತಿದೆ, ಆರು ತಿಂಗಳ ನಂತರ ಮತ್ತೆ ನೋಡುತ್ತೇವೆ' ಎಂದರೆ ಮನೆಗೆ ಹೋಗಿ ಮಾಡಲು ಕೆಲಸ ಸಿಗುತ್ತದೆ.

ಕಾಗದಪತ್ರ

ವಯಸ್ಸಿನ ದಾಖಲೆ ತಿದ್ದುವುದು ಆಟಗಾರನ ಬದುಕಿಗೇ ಕುತ್ತು. ಹುಡುಗರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ 2009ರಿಂದ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆ ಇದೆ. ಅಲ್ಲಿನ ಮೂಳೆ ಪೂರ್ತಿ ಕೂಡಿಕೊಂಡಿದ್ದರೆ 17 ದಾಟಿರುವುದು ಬಹುತೇಕ ಖಚಿತ.

ಎರಡು ದೇಶಗಳ ಪರ ಆಡುವ ಹಕ್ಕಿರುವವರು ಮೊದಲ ಅಧಿಕೃತ ಪಂದ್ಯಕ್ಕೆ ಮುಂಚೆಯೇ ಎರಡನೇ ದೇಶದ ಪೌರತ್ವದ ದಾಖಲೆ ಕೈಗೆ ತೆಗೆದುಕೊಳ್ಳಬೇಕು. ಕಿರಿಯರ ಅಧಿಕೃತ ಪಂದ್ಯಾವಳಿಯಲ್ಲಿ ಒಂದು ದೇಶಕ್ಕೆ ಆಡಿದ ಮೇಲೆ ಬದಲಾಯಿಸಬೇಕಾದರೆ, ಆ ಮೊದಲ ಪಂದ್ಯದ ದಿನವೇ ಇನ್ನೊಂದು ಪೌರತ್ವ ಇತ್ತೇ ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಬದಲಾವಣೆಗೆ ಅವಕಾಶ ಒಂದೇ ಸಲ. ಸೌಹಾರ್ದ ಪಂದ್ಯ ಆಡಿದರೆ ಕಟ್ಟು ಬೀಳುವುದಿಲ್ಲ.

18 ತುಂಬದವರನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ವರ್ಗಾಯಿಸುವುದನ್ನು ಫಿಫಾ ನಿಯಮದ 19ನೇ ವಿಧಿ ಕೆಲವೇ ವಿನಾಯಿತಿಗಳ ಹೊರತು ತಡೆಯುತ್ತದೆ. ಮುಂಗಡ ಹಣ ಕೇಳಿ 15ರ ಹುಡುಗನಿಗೆ ಹೊರದೇಶದ ಕ್ಲಬ್‌ನ ಒಪ್ಪಂದ ಕೊಡಿಸುತ್ತೇನೆ ಎನ್ನುವವರ ಮಾತಿಗೆ ಬೀಳಬೇಡಿ. ಚಿಕ್ಕ ಕ್ಲಬ್‌ಗಳು 12ನೇ ವಯಸ್ಸಿನಿಂದ ಪ್ರತಿ ವರ್ಷದ ನೋಂದಣಿ ದಾಖಲೆ ಜೋಪಾನವಾಗಿಡಬೇಕು. ಆಟಗಾರ ಮುಂದೆ ಹಣಕ್ಕೆ ದೇಶಾಂತರ ವರ್ಗವಾದಾಗ ಆ ಮೊತ್ತದ ಶೇ 5ರವರೆಗೆ 12ರಿಂದ 23ರ ನಡುವೆ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ದಾಖಲೆ ಇಲ್ಲದವರಿಗೆ ಅದು ಕೈತಪ್ಪುತ್ತದೆ.

17ರ ನಂತರ

ಅತಿ ಹೆಚ್ಚು ಮಂದಿ ಮರೆಯಾಗುವುದು 17ರಿಂದ 20ರ ನಡುವೆ. ದೊಡ್ಡ ಕ್ಲಬ್‌ನ ಬೆಂಚಿನಲ್ಲಿ ಕೂತು ತಾಲೀಮಿನಲ್ಲಷ್ಟೇ ಆಡುವವನ ಆಟ ನಿಂತ ನೀರಾಗುತ್ತದೆ. ಕ್ಲಬ್ ಆರಿಸುವಾಗ ಮೂರು ಪ್ರಶ್ನೆ ಕೇಳಿ: ಕಳೆದ ಎರಡು ಸೀಸನ್‌ಗಳಲ್ಲಿ 20ರೊಳಗಿನವರಿಗೆ ಹಿರಿಯರ ತಂಡದಲ್ಲಿ ಎಷ್ಟು ನಿಮಿಷ ಸಿಕ್ಕಿದೆ, ಇವನ ಸ್ಥಾನದಲ್ಲಿ ಈಗ ಯಾರಿದ್ದಾರೆ, ಅವರ ಒಪ್ಪಂದ ಯಾವಾಗ ಮುಗಿಯುತ್ತದೆ. ಉತ್ತರ ಸಂಖ್ಯೆಯಲ್ಲಿ ಬರದೆ ಬರೀ ಭರವಸೆಯಲ್ಲಿ ಬಂದರೆ, ಒಂದು ಹಂತ ಕೆಳಗಿನ ಲೀಗ್‌ನಲ್ಲಿ ಪ್ರತಿ ವಾರ ಆಡಿಸುವ ಕ್ಲಬ್ ಆರಿಸಿಕೊಳ್ಳಿ. ಎರವಲಿಗೆ ಕಳಿಸುವುದಾದರೆ, ಅಲ್ಲಿಯ ಕೋಚ್ ಇವನನ್ನು ಯಾವ ಸ್ಥಾನದಲ್ಲಿ ಆಡಿಸುತ್ತಾರೆಂದು ಸಹಿ ಹಾಕುವ ಮುನ್ನವೇ ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ. ಮೂರು ತಿಂಗಳಲ್ಲಿ ಆಡಲು ಸಿಗದಿದ್ದರೆ ವಾಪಸ್ ಕರೆಸಿಕೊಳ್ಳುವ ಷರತ್ತನ್ನೂ ಒಪ್ಪಂದದಲ್ಲಿ ಬರೆಸಿ.